ಕಾಫಿ ತೋಟಕ್ಕೆ ಸೆಕೆಂಡ್ ಹ್ಯಾಂಡ್ ಜಿಪ್ಸಿ: ನೋಡಿ ಕೊಳ್ಳಿ, ಹಗುರವಾಗಿಡಿ

ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯ ಕಾಫಿ ತೋಟಗಳಿಗೆ ಇವತ್ತಿಗೂ ಮಾರುತಿ ಜಿಪ್ಸಿಯಷ್ಟು ಹೊಂದಿಕೊಳ್ಳುವ ಫೋರ್ ವೀಲ್ ಡ್ರೈವ್ ಗಾಡಿ ಬೇರೊಂದಿಲ್ಲ. ಅದಕ್ಕೆ ಮುಖ್ಯ ಕಾರಣ ತೂಕ. ಸಾಫ್ಟ್ ಟಾಪ್ (ಬಟ್ಟೆಯ ಹುಡ್ಡಿನ) ಜಿಪ್ಸಿ ಕಿಂಗ್ 985 ಕೆಜಿ ತೂಗುತ್ತದೆ. ಅದರ ವಂಶದ್ದೇ ಆದ ಐದು ಬಾಗಿಲಿನ ಜಿಮ್ನಿ 1200 ಕೆಜಿ ಆಸುಪಾಸು, ಈಗಿನ ಥಾರ್ ಸುಮಾರು ಒಂದೂಮುಕ್ಕಾಲು ಟನ್. ಜುಲೈ ತಿಂಗಳ ಜಡಿಮಳೆಯಲ್ಲಿ ವಾರಗಟ್ಟಲೆ ನೆನೆದ ಕೆಂಪು ಜೇಡಿಯ ಮೇಲೆ ಈ ತೂಕದ ಲೆಕ್ಕ ಎಂಜಿನ್ನಿನ ಶಕ್ತಿಗಿಂತ ದೊಡ್ಡದು. ಭಾರದ ಗಾಡಿ ದಾರಿಯನ್ನು ಉತ್ತುಹಾಕಿ ತಾನೂ ಹೂತುಕೊಳ್ಳುವ ಜಾಗದಲ್ಲಿ ಜಿಪ್ಸಿ ಮೇಲುಮೇಲೆಯೇ ತೇಲಿಕೊಂಡು ಹೋಗುತ್ತದೆ. ಹೂತರೂ ನಾಲ್ಕು ಆಳು, ಒಂದು ಹಾರೆ, ಒಂದು ಹಗ್ಗದಲ್ಲಿ ಹೊರಗೆ ಬರುತ್ತದೆ.

1985ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಈ ಗಾಡಿಯನ್ನು ಸಾರ್ವಜನಿಕರಿಗೆ ಮಾರುವುದು 2019ರಲ್ಲಿ ನಿಂತಿತು. ಹಾಗಾಗಿ ಈಗ ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್, ಹಲವು ಸಲ ನಾಲ್ಕನೆಯ ಐದನೆಯ ಕೈ. ಒಳ್ಳೆಯ ಜಿಪ್ಸಿಗೂ ಕೆಟ್ಟ ಜಿಪ್ಸಿಗೂ ಇರುವ ಅಂತರ ಬೇರೆ ಯಾವ ಗಾಡಿಯಲ್ಲೂ ಇಷ್ಟಿಲ್ಲ. ಆದ್ದರಿಂದ ಈ ವಿಮರ್ಶೆಯಲ್ಲಿ ಗಾಡಿಯ ಗುಣದೋಷಗಳಷ್ಟೇ ಜಾಗ ಕೊಳ್ಳುವಾಗಿನ ತಪಾಸಣೆಗೂ ಇದೆ.

ಮೊದಲು ಯಾವ ಮಾಡೆಲ್ ಎಂಬುದು. ಆರಂಭದ ಎಂಜಿ410ರಲ್ಲಿ 970 ಸಿಸಿ ಎಂಜಿನ್. ಅದು ಗಟ್ಟಿಮುಟ್ಟಾದರೂ ನಾಲ್ಕು ಜನ ಕೂತು ಚಾರ್ಮಾಡಿ ಘಾಟಿ ಹತ್ತುವಾಗ ಏದುಸಿರು ಬಿಡುತ್ತದೆ. 1996ರಲ್ಲಿ ಬಂದ ಎಂಜಿ413ಡಬ್ಲ್ಯೂ, ಅಂದರೆ ಜಿಪ್ಸಿ ಕಿಂಗ್‌ನಲ್ಲಿ 1.3 ಲೀಟರಿನ ಎಂಜಿನ್. ಆರಂಭದಲ್ಲಿ ಅದಕ್ಕೆ ಕಾರ್ಬ್ಯುರೇಟರ್ ಇತ್ತು, 2000ದಿಂದೀಚೆಗೆ ಪೆಟ್ರೋಲನ್ನು ಇಂಜೆಕ್ಟರಿನಿಂದ ಸಿಂಪಡಿಸುವ 16 ವಾಲ್ವಿನ ಎಂಪಿಎಫ್‌ಐ ಬಂತು. ತೋಟಕ್ಕೆ ಎಂಪಿಎಫ್‌ಐ ಗಾಡಿಯನ್ನೇ ಹುಡುಕಿ. ಕಡಿದಾದ ಏರಿನಲ್ಲಿ ಮೂತಿ ಮೇಲೆ ಮಾಡಿ ನಿಂತಾಗ ಕಾರ್ಬ್ಯುರೇಟರಿನ ಬಟ್ಟಲಲ್ಲಿ ಪೆಟ್ರೋಲ್ ಮಟ್ಟ ವಾಲುತ್ತದೆ. ಎಂಜಿನ್ ಒಂದೋ ಉಸಿರುಗಟ್ಟುತ್ತದೆ, ಇಲ್ಲವೇ ಪೆಟ್ರೋಲ್ ಕುಡಿದು ನಿಂತುಬಿಡುತ್ತದೆ. ಇಂಜೆಕ್ಷನ್ ಗಾಡಿಗೆ ಈ ತಾಪತ್ರಯವಿಲ್ಲ. ಇದೇ ಕುಟುಂಬದ 1.3 ಎಂಜಿನ್ ಮಾರುತಿ ಎಸ್ಟೀಮ್ ಕಾರಿನಲ್ಲೂ ಇದ್ದುದರಿಂದ ಹಾಸನ, ಚಿಕ್ಕಮಗಳೂರಿನ ಯಾವ ಹಳೆಯ ಮಾರುತಿ ಮೆಕ್ಯಾನಿಕ್ಕಿಗೂ ಅದರ ಒಳಹೊರಗು ಗೊತ್ತು.

ಈ ಇಂಜೆಕ್ಷನ್ ಎಂಜಿನ್ನಿನ ಶಕ್ತಿ 80 ಬಿಎಚ್‌ಪಿ, ಟಾರ್ಕ್ 103 ಎನ್‌ಎಂ. ಈ ಟಾರ್ಕ್ ಸಿಗುವುದು 4500 ಆರ್‌ಪಿಎಂನಲ್ಲಿ ಎಂಬುದನ್ನು ಮರೆಯಬೇಡಿ. ಡೀಸೆಲ್ ಜೀಪು ಓಡಿಸಿ ರೂಢಿಯಾದವರು ಜಿಪ್ಸಿಯನ್ನು ಕಡಿಮೆ ಆರ್‌ಪಿಎಂನಲ್ಲಿ ಎಳೆಸಲು ಹೋಗಿ, ಅದು ಸುಮ್ಮನಾದಾಗ ಕ್ಲಚ್ ತುಳಿದು ತುಳಿದು ಪ್ಲೇಟ್ ಸುಟ್ಟುಕೊಳ್ಳುತ್ತಾರೆ. ಈ ಎಂಜಿನ್ನಿಗೆ ಏರು ಬರುವ ಮೊದಲೇ ಗೇರ್ ಇಳಿಸಿ ಕೂಗಿಸಬೇಕು.

ಇನ್ನು ಅಗಲ. ಜಿಪ್ಸಿಯ ಅಗಲ 1540 ಮಿಮೀ, ಜಿಮ್ನಿಯದು 1645, ಥಾರ್‌ನದು 1820. ಹಳೆಯ ತೋಟಗಳಲ್ಲಿ ದರೆ ಕಡಿದು ಮಾಡಿದ ದಾರಿಗಳು ಒಂದು ಜೀಪು ನುಸುಳುವಷ್ಟೇ ಇರುತ್ತವೆ. ಒಂದು ಬದಿ ದರೆ, ಇನ್ನೊಂದು ಬದಿ ಕಾಫಿ ಗಿಡದ ರೆಕ್ಕೆ. ಅಲ್ಲಿ ಒಂದು ಗೇಣಿನಷ್ಟು ಅಗಲ ಹೆಚ್ಚಾದರೂ ಕನ್ನಡಿ ಮಡಚಿಕೊಂಡು, ಹಣ್ಣು ತುಂಬಿದ ರೆಂಬೆ ಮುರಿದುಕೊಂಡು ಹೋಗಬೇಕು. ಕೊಯ್ಲಿನ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕೊಳ್ಳಲು ಹೋಗುವಾಗ ಕೈಯಲ್ಲಿ ಒಂದು ಟಾರ್ಚ್, ಒಂದು ಗಟ್ಟಿ ಸ್ಕ್ರೂಡ್ರೈವರ್, ಮಲಗಲು ಒಂದು ಗೋಣಿ ಇರಲಿ. ಮಲೆನಾಡಿನ ಜಿಪ್ಸಿಯ ಮೊದಲ ಶತ್ರು ತುಕ್ಕು. ಚಾಲಕನ ಕಾಲ ಕೆಳಗಿನ ಮ್ಯಾಟ್ ಎತ್ತಿ ನೆಲದ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟಿ. ಗಟ್ಟಿ ತಗಡು ಟಣ್ ಎನ್ನುತ್ತದೆ; ಕೊಳೆತದ್ದು ಸದ್ದಿಲ್ಲದೆ ಕುಸಿಯುತ್ತದೆ. ಹೊಸದಾಗಿ ದಪ್ಪ ಕಪ್ಪು ಅಂಡರ್‌ಕೋಟಿಂಗ್ ಬಳಿದಿದ್ದರೆ ಅನುಮಾನವೇ ಮೊದಲು. ಅದರ ಮೇಲೆ ಸ್ಕ್ರೂಡ್ರೈವರಿನ ಮೊನೆ ಒತ್ತಿ ನೋಡಿ. ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ಚೌಕಟ್ಟಿನ ಕೆಳ ಅಂಚು, ಹಿಂದಿನ ಚಕ್ರಗಳ ಹಿಂಬದಿಯ ಬಾಡಿ ಮೂಲೆ, ಹಿಂಬಾಗಿಲಿನ ತಳ, ಇವೆಲ್ಲ ಕೆಸರು ಕೂತು ಒಣಗದ ಜಾಗಗಳು. ಬಾಡಿಯ ತುಕ್ಕನ್ನು ಟಿಂಕರಿಂಗ್‌ನವರು ಸರಿಮಾಡಬಲ್ಲರು. ಚಾಸಿಯದ್ದಾದರೆ ಹಾಗಲ್ಲ. ಹಿಂದಿನ ಶ್ಯಾಕಲ್ (ಸ್ಪ್ರಿಂಗನ್ನು ಚಾಸಿಗೆ ಸೇರಿಸುವ ಕೊಂಡಿ) ಹಿಡಿದಿರುವ ಭಾಗ, ಹಿಂಬದಿಯ ಅಡ್ಡ ಕಂಬಿ, ಬಾಡಿ ಕೂರುವ ಕಿವಿಗಳು, ಇಲ್ಲಿ ಪದರ ಪದರವಾಗಿ ಎದ್ದ ತುಕ್ಕು ಅಥವಾ ಮೇಲಿಂದ ತಗಡು ಹೊದಿಸಿ ವೆಲ್ಡ್ ಮಾಡಿದ ಗುರುತು ಕಂಡರೆ ಬೆಲೆ ಎಷ್ಟೇ ಕಡಿಮೆಯಿರಲಿ, ವಾಪಸ್ ಬನ್ನಿ.

ಚಾಸಿ ನಂಬರ್ ಓದಲು ಬರುವಂತಿರಬೇಕು, ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಸೇನೆಯ ಹರಾಜಿನಿಂದ ಬಂದ ಗಾಡಿಯಾದರೆ ಹರಾಜಿನ ಕಾಗದ, ಅದರ ಮೇಲೆ ಆದ ಮೊದಲ ನೋಂದಣಿ, ಬಣ್ಣ ಬದಲಿಸಿದ್ದಕ್ಕೆ ಆರ್‌ಸಿಯಲ್ಲಿ ನಮೂದು ಎಲ್ಲವನ್ನೂ ಕೇಳಿ. ಹದಿನೈದು ವರ್ಷ ದಾಟಿದ ಗಾಡಿಗೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಹಾಸನದ ಕೆಎ-13, ಚಿಕ್ಕಮಗಳೂರಿನ ಕೆಎ-18, ಸಕಲೇಶಪುರದ ಕೆಎ-46 ನೋಂದಣಿಯದ್ದಾದರೆ ಆಯಾ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ ಹಳೆಯ ಬಾಕಿ ಇದೆಯೇ ನೋಡಿಕೊಳ್ಳುವುದು ಸುಲಭ. ಹೊರ ರಾಜ್ಯದ ಗಾಡಿಯಾದರೆ ಎನ್‌ಒಸಿ, ರಸ್ತೆ ತೆರಿಗೆಗಳ ಲೆಕ್ಕ ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.

ಈಗ ಗಾಡಿಯ ಕೆಳಗೆ. ಮುಂದಿನ ಎರಡೂ ಚಕ್ರಗಳ ಒಳಮೈ ನೋಡಿ. ಅಲ್ಲಿ ಚಕ್ರ ತಿರುಗುವ ಗುಂಡನೆಯ ನಕಲ್ ಇದೆ. ಅದರೊಳಗೆ ಆಕ್ಸಲ್ಲಿನ ಜಾಯಿಂಟ್ ಗ್ರೀಸಿನಲ್ಲಿ ಮುಳುಗಿರುತ್ತದೆ. ನಕಲ್ಲಿನ ಹೊರಗೆ ತೆಳುವಾಗಿ ಗ್ರೀಸ್ ಸವರಿದಂತಿದ್ದರೆ ಸರಿ. ಕಪ್ಪು ತೆಳು ಎಣ್ಣೆ ಟಯರಿನ ಒಳಗೋಡೆಯವರೆಗೆ ಇಳಿದಿದ್ದರೆ ಒಳಗಿನ ಆಕ್ಸಲ್ ಸೀಲ್ ಹೋಗಿದೆ, ಡಿಫರೆನ್ಷಿಯಲ್ ಆಯಿಲ್ ನಕಲ್ಲಿಗೆ ಬಂದು ಗ್ರೀಸನ್ನು ಕರಗಿಸುತ್ತಿದೆ ಎಂದರ್ಥ. ಹಾಗೇ ಬಿಟ್ಟರೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕೆಸರು ನೀರು ಒಳಗೆ ಹೋಗಿ ಜಾಯಿಂಟ್, ಬೇರಿಂಗ್ ಎರಡೂ ಹೋಗುತ್ತವೆ. ಸೀಲಿನ ಬೆಲೆ ಕಡಿಮೆ, ಕೆಲಸ ಮಾತ್ರ ಇಡೀ ನಕಲ್ ಬಿಚ್ಚುವಷ್ಟು. ಬಿಚ್ಚಿದಾಗ ಎರಡೂ ಬದಿಯ, ನಕಲ್ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್, ಫೆಲ್ಟ್ ಸಮೇತ ಹೊರಗಿನ ಸೀಲ್, ವೀಲ್ ಬೇರಿಂಗ್ ಒಟ್ಟಿಗೇ ಹೊಸದು ಹಾಕಿಸಿ.

ಮುಂದಿನ ಆಕ್ಸಲ್ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಿಸಿ. ಆಟ ಇದೆಯೇ? ಯಾರನ್ನಾದರೂ ಬ್ರೇಕ್ ತುಳಿಯಲು ಹೇಳಿ ಮತ್ತೆ ಅಲುಗಿಸಿ. ಆಟ ನಿಂತರೆ ದೋಷ ವೀಲ್ ಬೇರಿಂಗಿನದು. ಆಗಲೂ ಇದ್ದರೆ ಕಿಂಗ್‌ಪಿನ್ನಿನದು. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಬರುವ ಆಟ ಟೈ ರಾಡ್ ಎಂಡಿನದು. ಗಂಟೆಗೆ 50–60 ಕಿಮೀ ವೇಗದಲ್ಲಿ ಒಂದು ಗುಂಡಿಗೆ ಬಿದ್ದೊಡನೆ ಸ್ಟೀರಿಂಗ್ ಕೈಯಿಂದ ಕಿತ್ತುಕೊಳ್ಳುವಂತೆ ನಡುಗುವ ರೋಗ ಜಿಪ್ಸಿಗಳಲ್ಲಿ ಸಾಮಾನ್ಯ. ಬಹಳ ಜನ ಅದಕ್ಕೆ ಹೊಸ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿ ಸುಮ್ಮನಾಗುತ್ತಾರೆ. ಡ್ಯಾಂಪರ್ ರೋಗವನ್ನು ಮುಚ್ಚುತ್ತದೆ ಅಷ್ಟೆ. ಮೂಲ ಸಾಮಾನ್ಯವಾಗಿ ಸವೆದ ಕಿಂಗ್‌ಪಿನ್ ಬೇರಿಂಗ್, ಅದರ ಶಿಮ್‌ಗಳ ತಪ್ಪು ಹೊಂದಾಣಿಕೆ, ಇಲ್ಲವೇ ಬ್ಯಾಲೆನ್ಸ್ ತಪ್ಪಿದ ಟಯರ್.

ಟ್ರಾನ್ಸ್‌ಫರ್ ಕೇಸ್, ಅಂದರೆ ಎಂಜಿನ್ನಿನ ಬಲವನ್ನು ಮುಂದಿನ ಹಿಂದಿನ ಆಕ್ಸಲ್ಲಿಗೆ ಹಂಚುವ ಪೆಟ್ಟಿಗೆ, ಜಿಪ್ಸಿಯಲ್ಲಿ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಚಿಕ್ಕ ಪ್ರೊಪೆಲ್ಲರ್ ಶಾಫ್ಟ್, ಆಮೇಲೆ ಮೂರು ರಬ್ಬರ್ ಮೌಂಟಿಂಗ್‌ಗಳ ಮೇಲೆ ಕೂತ ಪೆಟ್ಟಿಗೆ. ಮೌಂಟಿಂಗ್ ಹರಿದಿದ್ದರೆ ಆಕ್ಸಿಲರೇಟರ್ ಒತ್ತುವಾಗ, ಬಿಡುವಾಗ ಢಕ್ ಎಂದು ಹೊಡೆಯುತ್ತದೆ, ಲಿವರ್ ತಾನಾಗಿ ಜಿಗಿಯುತ್ತದೆ. ಇದನ್ನು ಕಂಡು ಇಡೀ ಟ್ರಾನ್ಸ್‌ಫರ್ ಕೇಸೇ ಹೋಗಿದೆ ಎಂದು ಬಿಚ್ಚಿಸುವವರಿದ್ದಾರೆ. ಮೊದಲು ರಬ್ಬರ್, ಆಮೇಲೆ ಶಾಫ್ಟಿನ ಕ್ರಾಸ್‌ಗಳು, ಅವೆರಡೂ ಸರಿಯಿದ್ದರೆ ಮಾತ್ರ ಒಳಗಿನ ಗೇರು. ಫೋರ್ ವೀಲ್ ಡ್ರೈವ್ ಪರೀಕ್ಷೆಯನ್ನು ಮಣ್ಣಿನ ದಾರಿಯಲ್ಲೇ ಮಾಡಿ. ಜಿಪ್ಸಿಗೆ ಸೆಂಟರ್ ಡಿಫರೆನ್ಷಿಯಲ್ ಇಲ್ಲ. ಒಣ ಟಾರಿನ ಮೇಲೆ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ವೇಗ) ಹಾಕಿ ತಿರುಗಿಸಿದರೆ ಮುಂದಿನ ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿದುಕೊಂಡು ಲಿವರ್ ಹೊರಗೇ ಬರುವುದಿಲ್ಲ. ಮುಂದಿನ ಚಕ್ರವನ್ನು ಆಕ್ಸಲ್ಲಿಗೆ ಸೇರಿಸುವ, ಬಿಡಿಸುವ ಹಬ್ ಲಾಕ್ ಇರುವ ಗಾಡಿಯಾದರೆ ಎರಡೂ ಹಬ್ಬನ್ನು ಕೈಯಿಂದಲೇ ಲಾಕ್‌ಗೂ ಫ್ರೀಗೂ ತಿರುಗಿಸಿ ನೋಡಿ. ಇಕ್ಕಳ ಹಾಕಿ ತಿರುಗಿಸಿದ ಗಾಯ ಅದರ ಮೇಲಿದ್ದರೆ ಒಳಗೆ ತುಕ್ಕು ಹಿಡಿದಿದೆ.

ಎಂಜಿನ್ ವಿಷಯದಲ್ಲಿ ಹೇಳುವುದು ಕಡಿಮೆ, ಅದು ಅಷ್ಟು ಒಳ್ಳೆಯದು. ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ, ನೀಲಿ ಹೊಗೆ ಇದೆಯೇ ನೋಡಿ, ರೇಡಿಯೇಟರ್ ಮುಚ್ಚಳದ ಒಳಗೆ ಎಣ್ಣೆಯ ಜಿಡ್ಡು ಹುಡುಕಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಬಿಲ್ಲು ತೋರಿಸದಿದ್ದರೆ ಬದಲಿಸಿಲ್ಲ ಎಂದೇ ತಿಳಿದು, ಕೊಂಡ ವಾರದಲ್ಲೇ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೆ ಮಾಡಿಸಿ.

ಇನ್ನು ಮಾಡಿಫಿಕೇಶನ್. ಇಲ್ಲೇ ಹೆಚ್ಚಿನ ಜಿಪ್ಸಿಗಳು ಹಾಳಾಗುವುದು. ದಪ್ಪ ಕಬ್ಬಿಣದ ಬಂಪರ್, ಟ್ರಕ್ಕಿಗಾಗುವಷ್ಟು ದೊಡ್ಡ ವಿಂಚ್, ರೋಲ್ ಕೇಜ್, ಮೇಲೆ ಕ್ಯಾರಿಯರ್, ಹಿಂದೆ ಭಾರಿ ಸ್ಟೆಪ್ನಿ, ಎರಡು ಜೆರಿ ಕ್ಯಾನ್ ಸೇರಿದರೆ ಮೂರು ಜನ ಯಾವಾಗಲೂ ಗಾಡಿಯಲ್ಲಿ ಕೂತಿದ್ದಂತೆ. 103 ಎನ್‌ಎಂ ಎಂಜಿನ್ನಿಗೆ ಅದು ಪೂರ್ತಿ ಹೊರೆ. ಯಾವ ಗುಣಕ್ಕೆ ಈ ಗಾಡಿ ಕೊಂಡಿರೋ ಅದನ್ನೇ ದುಡ್ಡು ಕೊಟ್ಟು ಕಳೆದುಕೊಳ್ಳಬೇಡಿ. ಕಬ್ಬಿಣದ ಬುಲ್ ಬಾರ್‌ಗಳನ್ನು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತೆಯೂ ಇಲ್ಲ. ಎಫ್‌ಸಿ ವೇಳೆ, ಅದಕ್ಕಿಂತ ಹೆಚ್ಚಾಗಿ ಇನ್ಶೂರೆನ್ಸ್ ಕ್ಲೇಮಿನ ವೇಳೆ ಇದು ಎದುರಿಗೆ ಬರುತ್ತದೆ. ಏನೇ ಹಾಕಿಸಿದರೂ ಬೋಲ್ಟ್ ಬಿಚ್ಚಿ ಮೂಲ ಸ್ಥಿತಿಗೆ ತರುವಂತಿರಲಿ. ಚಾಸಿ ಕತ್ತರಿಸುವ, ವೆಲ್ಡ್ ಮಾಡುವ ಕೆಲಸ ಬೇಡವೇ ಬೇಡ.

ನಿಜವಾಗಿ ಬೇಕಾದ ಬದಲಾವಣೆ ಟಯರ್. ಸಾಮಾನ್ಯವಾಗಿ ಕಾಣುವ 205/70 ಆರ್15 ಟಯರಿನ ಎತ್ತರ 668 ಮಿಮೀ. 215/75 ಆರ್15 ಹಾಕಿದರೆ 703 ಮಿಮೀ ಆಗುತ್ತದೆ, ಅಂದರೆ ಡಿಫರೆನ್ಷಿಯಲ್ ಕೆಳಗೆ ಸುಮಾರು 18 ಮಿಮೀ ಹೆಚ್ಚು ಜಾಗ. 235/75 ಆರ್15 ಆದರೆ 733 ಮಿಮೀ, ಜಾಗ 33 ಮಿಮೀ ಹೆಚ್ಚು. ಆದರೆ ಟಯರ್ ಎತ್ತರವಾದಷ್ಟೂ ಎಂಜಿನ್ನಿಗೆ ಎಲ್ಲ ಗೇರೂ ಭಾರವಾಗುತ್ತದೆ: 215 ಟಯರಿಗೆ ಶೇ 5, 235ಕ್ಕೆ ಶೇ 10ರಷ್ಟು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಕ್ರಮವಾಗಿ 63, 66ರಲ್ಲಿ ಓಡುತ್ತಿರುತ್ತದೆ. ನಮ್ಮ ಜೇಡಿಗೆ 215 ಸಾಕು. ಮೇಲಿನ ಲೊಳೆಯನ್ನು ಕತ್ತರಿಸಿಕೊಂಡು ಕೆಳಗಿನ ಗಟ್ಟಿ ಮಣ್ಣನ್ನು ಹಿಡಿಯಲು ಕಿರಿದಾದ ಟಯರೇ ಮೇಲು. ಅಗಲ ಟಯರ್ ಜಾರುವ ಪದರದ ಮೇಲೇ ಉಳಿಯುತ್ತದೆ. ಹೆಚ್ಚು ಓಡಾಟ ತೋಟದಲ್ಲಾದರೆ ಕೆಸರಿಗೆಂದೇ ಮಾಡಿದ ಎಂಟಿ (ಮಡ್ ಟೆರೇನ್), ವಾರಕ್ಕೆ ಎರಡು ಸಲ ಶಿರಾಡಿ ಘಾಟಿ ಇಳಿಯುವವರಾದರೆ ಎಲ್ಲ ದಾರಿಗೂ ಆಗುವ ಎಟಿ (ಆಲ್ ಟೆರೇನ್). ಎಂಟಿ ಟಯರ್ ಒದ್ದೆ ಟಾರಿನಲ್ಲಿ ಹಿಡಿತ ಕಡಿಮೆ, ಜಿಪ್ಸಿಯ ಹಿಂಭಾಗ ಹಗುರ, ಎಬಿಎಸ್ ಇಲ್ಲ. ಈ ಮೂರೂ ಸೇರಿದ ತಿರುವಿನಲ್ಲಿ ಬ್ರೇಕ್ ಜೋರಾಗಿ ತುಳಿದರೆ ಗಾಡಿ ಬಾಲ ಬೀಸುತ್ತದೆ.

ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಎಳೆಯುವ ಗೇರು) ವಿಷಯದಲ್ಲಿ ಜಿಪ್ಸಿಗೆ ಹುಟ್ಟಿನಿಂದಲೇ ಒಂದು ಕೊರತೆಯಿದೆ. ಟ್ರಾನ್ಸ್‌ಫರ್ ಕೇಸಿನ ಹೈ ಅನುಪಾತ 1.409, ಲೋ 2.268. ಭಾಗಿಸಿದರೆ ಲೋ ಎನ್ನುವುದು ಹೈಗಿಂತ 1.6 ಪಟ್ಟು ಮಾತ್ರ ನಿಧಾನ. ಜಿಮ್ನಿಯಲ್ಲಿ ಇದು ಎರಡು ಪಟ್ಟು. ಹಾಗಾಗಿ ಕಲ್ಲು ಕಿತ್ತು ಹೋದ ಕಡಿದಾದ ಇಳಿಜಾರಿನಲ್ಲಿ ಜಿಪ್ಸಿ ಮೊದಲ ಗೇರಿನಲ್ಲೂ ನಾವು ಬಯಸಿದ್ದಕ್ಕಿಂತ ವೇಗವಾಗಿ ಇಳಿಯುತ್ತದೆ. 235 ಟಯರ್ ಹಾಕಿದವರಿಗೆ ಈ ಕೊರತೆ ಇನ್ನೂ ಹೆಚ್ಚು. ಹಳೆಯ 410ರ ಟ್ರಾನ್ಸ್‌ಫರ್ ಕೇಸಿನ ಲೋ ಸುಮಾರು 2.5 ಇರುವುದರಿಂದ ಅದನ್ನು ತಂದು ಕೂರಿಸುವ ರೂಢಿಯಿದೆ. ದೊಡ್ಡ ಟಯರ್ ತಿಂದುಹಾಕಿದ ಶೇ 10ನ್ನು ಅದು ಹೆಚ್ಚುಕಡಿಮೆ ವಾಪಸ್ ಕೊಡುತ್ತದೆ. ಶಾಫ್ಟಿನ ಫ್ಲ್ಯಾಂಜ್ ಬೋಲ್ಟುಗಳು ಹೊಂದುತ್ತವೆಯೇ ಎಂದು ಅಳೆದು ನೋಡಿಯೇ ಕೊಳ್ಳಿ. 215 ಟಯರಿನಲ್ಲೇ ಉಳಿದರೆ ಈ ಖರ್ಚೇ ಬೇಕಿಲ್ಲ.

ಲೀಫ್ ಸ್ಪ್ರಿಂಗ್ ಬಗ್ಗೆ ಎಲ್ಲರ ದೂರು ಒಂದೇ, ಬೆನ್ನು ಮುರಿಯುತ್ತದೆ ಎಂದು. ದೂರು ನಿಜ. ಮುಂದಿನ ಸ್ಪ್ರಿಂಗಿನ ಶ್ಯಾಕಲ್ ಮುಂಭಾಗದಲ್ಲೇ ಇರುವುದರಿಂದ ಗುಂಡಿಯ ಏಟು ನೇರವಾಗಿ ಚಾಸಿಗೆ ಬರುತ್ತದೆ. ಹಾಗೆಂದು ಒಂದು ಪ್ಲೇಟ್ ಕಿತ್ತು ಹಾಕುವುದು ಪರಿಹಾರವಲ್ಲ. ಗೊಬ್ಬರದ ಚೀಲ ಹೇರಿದ ದಿನ ಉಳಿದ ಪ್ಲೇಟ್ ಮುರಿಯುತ್ತದೆ. ಕಟ್ಟನ್ನು ಬಿಚ್ಚಿಸಿ, ಪ್ಲೇಟುಗಳ ನಡುವಿನ ತುಕ್ಕನ್ನು ವೈರ್ ಬ್ರಷ್‌ನಲ್ಲಿ ಕೆರೆಸಿ, ಗ್ರಾಫೈಟ್ ಗ್ರೀಸ್ ಸವರಿ, ಎಲ್ಲ ಬುಷ್ ಹೊಸದು ಹಾಕಿಸಿ, ಒಳ್ಳೆಯ ಗ್ಯಾಸ್ ಶಾಕ್ ಅಬ್ಸಾರ್ಬರ್ ಕೂರಿಸಿ. ಬುಷ್ ಬೋಲ್ಟುಗಳನ್ನು ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಕೊನೆಯ ಬಿಗಿ ಕೊಡಬೇಕು. ಜ್ಯಾಕ್ ಮೇಲಿದ್ದಾಗ ಬಿಗಿದರೆ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ. ಇಷ್ಟಕ್ಕೇ ಸವಾರಿ ಬೇರೆಯೇ ಗಾಡಿಯಂತಾಗುತ್ತದೆ. ಉದ್ದ ಶ್ಯಾಕಲ್ ಹಾಕಿ ಎತ್ತರಿಸುವುದು ಅಗ್ಗದ ದಾರಿ, ಆದರೆ ಮುಂದಿನ ಆಕ್ಸಲ್ ತಿರುಚಿಕೊಂಡು ಕ್ಯಾಸ್ಟರ್ ಕೋನ ಕಡಿಮೆಯಾಗಿ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು ನಿಲ್ಲುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿನ ಮೇಲೆ ಕೂರಿಸಿ ನಾಲ್ಕೈದು ಇಂಚು ಎತ್ತುವವರೂ ಇದ್ದಾರೆ. ಬ್ರೇಕ್ ಹೋಸ್, ಶಾಫ್ಟಿನ ಕೋನ, ಸ್ಟೀರಿಂಗ್ ಕೊಂಡಿ ಎಲ್ಲವನ್ನೂ ಮತ್ತೆ ಮಾಡಿಸಬೇಕು, ಮೇಲಾಗಿ ಅಗಲ ಕಡಿಮೆಯಿರುವ ಗಾಡಿ ಓರೆ ದಾರಿಯಲ್ಲಿ ಮಗುಚುವ ಅಪಾಯ. ತೋಟಕ್ಕೆ 210 ಮಿಮೀ ಮೂಲ ಕ್ಲಿಯರೆನ್ಸ್ ಜೊತೆಗೆ ಟಯರ್ ಕೊಡುವ 18 ಮಿಮೀ ಧಾರಾಳ.

ವಿಂಚ್ ಬೇಕೇ ಬೇಕು ಎನ್ನುವವರಿಗೆ ಲೆಕ್ಕ ಹೀಗಿದೆ. ಹೊರೆ ಸಹಿತ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಸಾಕು. ತುಂಬಿದ ಜಿಪ್ಸಿಯನ್ನು 1500 ಕೆಜಿ ಎಂದು ಹಿಡಿದರೆ 2250 ಕೆಜಿ. 6000 ಪೌಂಡಿನ ವಿಂಚ್ 2700 ಕೆಜಿ ಎಳೆಯುತ್ತದೆ. ಅದೂ ಉಕ್ಕಿನ ಹಗ್ಗದ ಬದಲು ಸಿಂಥೆಟಿಕ್ ಹಗ್ಗದ್ದು. ತೂಕ ಉಳಿಯುತ್ತದೆ, ತುಂಡಾದರೂ ಚಾಟಿಯಂತೆ ಹೊಡೆಯುವ ಬಲ ಕಡಿಮೆ. ಎಳೆಯುವಾಗ ಎಂಜಿನ್ ಓಡುತ್ತಿರಲಿ, ಅರ್ಧ ನಿಮಿಷ ಎಳೆದು ಸ್ವಲ್ಪ ಬಿಡುವು ಕೊಡಿ. ವಿಂಚ್ ನೂರಾರು ಆಂಪಿಯರ್ ಹೀರುತ್ತದೆ. ಹಗ್ಗವನ್ನು ಮರಕ್ಕೆ ನೇರ ಸುತ್ತದೆ ಅಗಲ ಪಟ್ಟಿ ಬಳಸಿ. ನಮ್ಮ ತೋಟಗಳಲ್ಲಿ ಅರ್ಧಕ್ಕರ್ಧ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಆ ಮರಕ್ಕೆ ಪಟ್ಟಿ ಬಿಗಿದರೆ ಬುಡದಲ್ಲೇ ಬಳ್ಳಿ ಜಜ್ಜಿಹೋಗಿ ವರ್ಷಗಳ ಫಸಲು ಹೋಗುತ್ತದೆ. ಬಳ್ಳಿಯಿಲ್ಲದ, ಎರಡು ತೋಳಿಗೆ ಸಿಗುವಷ್ಟು ದಪ್ಪದ ಹಲಸು, ಅತ್ತಿ ಹುಡುಕಿ, ಆದಷ್ಟು ನೆಲಕ್ಕೆ ಹತ್ತಿರ ಕಟ್ಟಿ. ಅಕ್ಕಪಕ್ಕದಲ್ಲಿ ಇನ್ನೊಂದು ಗಾಡಿ ಸಿಗುವ ಕಡೆ ಇದಾವುದೂ ಬೇಡ. ಒಂದು ಒಳ್ಳೆಯ ಎಳೆಯುವ ಹಗ್ಗ, ಹಗ್ಗ ಸಿಕ್ಕಿಸಲು ಎರಡು ಡಿ ಶ್ಯಾಕಲ್, ಮುಂದೆ ಹಿಂದೆ ಚಾಸಿಗೇ ಬೋಲ್ಟ್ ಆದ ಕೊಂಡಿ ಸಾಕು.

ದುಡ್ಡು ಕಡಿಮೆ, ಪ್ರಯೋಜನ ಹೆಚ್ಚು ಎನ್ನುವ ಕೆಲಸ ಒಂದಿದೆ. ಎರಡೂ ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರ್‌ಗೆ (ಒಳಗಿನ ಗಾಳಿ ಆಡುವ ತೂತಿಗೆ) ಪೆಟ್ರೋಲ್ ಪೈಪ್ ಸಿಕ್ಕಿಸಿ ಎಂಜಿನ್ ಕೋಣೆಯ ಮೇಲ್ಭಾಗದವರೆಗೆ ತಂದು ಕಟ್ಟಿ. ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಪೈಪ್ ಇದ್ದರೆ ನೀರಿನ ಬದಲು ಗಾಳಿ ಎಳೆದುಕೊಳ್ಳುತ್ತದೆ. ಹಳ್ಳ ದಾಟಿದ ವಾರದಲ್ಲಿ ಡ್ರೈನ್ ಬೋಲ್ಟ್ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಆಯಿಲ್ ನೋಡಿ. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಅವತ್ತೇ ಬದಲಿಸಿ. ಮುಂದಿನ ಡಿಫರೆನ್ಷಿಯಲ್‌ಗೆ ಸುಮಾರು 2 ಲೀಟರ್, ಹಿಂದಿನದಕ್ಕೆ ಒಂದೂವರೆ, ಟ್ರಾನ್ಸ್‌ಫರ್ ಕೇಸಿಗೆ ಮುಕ್ಕಾಲು ಲೀಟರಿಗೂ ತುಸು ಹೆಚ್ಚು. ತುಂಬುವ ತೂತಿನಿಂದ ಹೊರಗೆ ಹರಿಯುವ ಮಟ್ಟವೇ ಸರಿಯಾದ ಮಟ್ಟ. ತುಂಬುವ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಡ್ರೈನ್. ಮೇಲಿನದು ತುಕ್ಕು ಹಿಡಿದು ಬಿಚ್ಚಲಾಗದಿದ್ದರೆ ಖಾಲಿ ಹೌಸಿಂಗ್ ಇಟ್ಟುಕೊಂಡು ಕೂರಬೇಕಾಗುತ್ತದೆ.

ದೀಪದ ವಿಷಯಕ್ಕೆ ಒಂದೇ ಮಾತು. ಗಾಜಿನ ಮೇಲೆ ಕೂರಿಸುವ ಬಿಳಿ ಎಲ್‌ಇಡಿ ಬಾರ್ ಮುಳ್ಳಯ್ಯನಗಿರಿಯ, ಚಾರ್ಮಾಡಿಯ ಮಂಜಿನಲ್ಲಿ ಕಣ್ಣಿಗೇ ವಾಪಸ್ ಹೊಡೆಯುತ್ತದೆ. ಬಂಪರ್ ಮಟ್ಟದಲ್ಲಿ ಕೆಳಮುಖವಾಗಿ ಎರಡು ಹಳದಿ ಫಾಗ್ ಲ್ಯಾಂಪ್ ಹಾಕಿಸಿ, ರಿಲೇ ಮತ್ತು ಫ್ಯೂಸ್ ಸಮೇತ.

ಕೆಸರಿಗೆ ಇಳಿಯುವ ಮೊದಲು ಟಯರಿನ ಗಾಳಿಯನ್ನು 15–16 ಪಿಎಸ್‌ಐಗೆ ಇಳಿಸಿ. 12ಕ್ಕಿಂತ ಕೆಳಗೆ ಹೋದರೆ ಓರೆ ದಾರಿಯಲ್ಲಿ ಟಯರ್ ರಿಮ್ಮಿನಿಂದ ಕಳಚುತ್ತದೆ. ಟಾರಿಗೆ ಹತ್ತುವ ಮುನ್ನ ಮತ್ತೆ ತುಂಬಲು ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ಸಣ್ಣ ಕಂಪ್ರೆಸರ್ ಇರಲಿ. ಸಿಗರೇಟ್ ಲೈಟರ್ ಸಾಕೆಟ್ಟಿನದು ಫ್ಯೂಸ್ ಸುಡುತ್ತದೆ. ಫೋರ್ ಲೋ ಬೇಕಾದಲ್ಲಿ ಏರಿನ ಬುಡದಲ್ಲೇ ಪೂರ್ತಿ ನಿಲ್ಲಿಸಿ, ಕ್ಲಚ್ ತುಳಿದು ಲಿವರ್ ಹಾಕಿ. ಅರ್ಧ ಏರಿನಲ್ಲಿ ಪರದಾಡಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಎರಡೂ ಡಿಫರೆನ್ಷಿಯಲ್ ಓಪನ್ ಆದ್ದರಿಂದ ಮುಂದಿನ ಒಂದು, ಹಿಂದಿನ ಒಂದು ಚಕ್ರ ಮೂಲೆಯಿಂದ ಮೂಲೆಗೆ ಗಾಳಿಯಲ್ಲಿ ನಿಂತರೆ ಅವೆರಡೇ ಸುತ್ತುತ್ತವೆ. ಆಗ ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ. ಆಕ್ಸಿಲರೇಟರ್ ಹಗುರವಾಗಿ ಹಿಡಿದುಕೊಂಡೇ ಎಡಗಾಲಿನಿಂದ ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸುತ್ತುವ ಚಕ್ರ ತಡೆದು ನಿಂತ ಚಕ್ರಕ್ಕೆ ಸ್ವಲ್ಪ ಬಲ ಹೋಗುತ್ತದೆ. ಆಗದಿದ್ದರೆ ಚಕ್ರದ ಕೆಳಗೆ ಕಲ್ಲು ಕೊಡಿ.

ಜುಲೈ, ಆಗಸ್ಟ್‌ನಲ್ಲಿ ಸರಪಳಿಗೆ ಸಾಟಿಯಾದ ಟಯರ್ ಇಲ್ಲ. ನಾಲ್ಕಕ್ಕೂ ಹಾಕುವುದು ಉತ್ತಮ. ಒಂದೇ ಜೊತೆ ಇದ್ದರೆ ಏರಿಗೆ ಹಿಂದಿನ ಚಕ್ರಕ್ಕೆ, ಬರೀ ಇಳಿಜಾರಾದರೆ ಮುಂದಿನದಕ್ಕೆ; ಇಳಿಯುವಾಗ ಭಾರ ಮುಂದಕ್ಕೆ ಬರುತ್ತದೆ, ಸ್ಟೀರಿಂಗೂ ಅಲ್ಲೇ ಇದೆ. ಹಾಕಿದ ಮೇಲೆ ನೂರು ಮೀಟರ್ ಓಡಿಸಿ ಇಳಿದು ಮತ್ತೊಮ್ಮೆ ಬಿಗಿಯಿರಿ. ಮುಂದಿನ ಚಕ್ರವನ್ನು ಎರಡೂ ಬದಿ ಪೂರ್ತಿ ತಿರುಗಿಸಿ ಸರಪಳಿ ಬ್ರೇಕ್ ಹೋಸ್‌ಗೆ ತಾಗುತ್ತಿಲ್ಲ ಎಂದು ಕಣ್ಣಾರೆ ನೋಡಿ.

ಸೌಕರ್ಯದ ಬಗ್ಗೆ ಹೆಚ್ಚು ಬರೆಯುವಂಥದ್ದೇನೂ ಇಲ್ಲ. ಏರ್‌ಬ್ಯಾಗ್ ಇಲ್ಲ, ಬಹುಪಾಲು ಗಾಡಿಗಳಲ್ಲಿ ಎಸಿ, ಪವರ್ ಸ್ಟೀರಿಂಗ್ ಇಲ್ಲ. ಹಿಂದಿನ ಅಡ್ಡ ಸೀಟಿನಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕೂರಿಸಿಕೊಂಡು ಬೆಂಗಳೂರಿಗೆ ಹೋಗುವ ಗಾಡಿ ಇದಲ್ಲ. ಟಾರಿನಲ್ಲಿ ಲೀಟರಿಗೆ ಹತ್ತು ಕಿಮೀ ಆಸುಪಾಸು, ತೋಟದೊಳಗೆ ಫೋರ್ ಲೋನಲ್ಲಿ ಅದರ ಅರ್ಧವೂ ಕೆಲವೊಮ್ಮೆ ಕಷ್ಟ. ಟ್ಯಾಂಕ್ 40 ಲೀಟರ್. ಮನೆಗೊಂದೇ ಗಾಡಿ ಎನ್ನುವವರು 2023ರ ಜೂನ್‌ನಲ್ಲಿ ಬಂದ ಜಿಮ್ನಿಯನ್ನು ನೋಡಲಿ. ಕಾಯಿಲ್ ಸ್ಪ್ರಿಂಗ್, ಏರ್‌ಬ್ಯಾಗ್, ಇಎಸ್‌ಪಿ, ಸುತ್ತುವ ಚಕ್ರವನ್ನು ತಾನೇ ಬ್ರೇಕಿನಿಂದ ಹಿಡಿಯುವ ವ್ಯವಸ್ಥೆ ಎಲ್ಲ ಅದರಲ್ಲಿದೆ. ಬಿಡುಗಡೆಯಾದಾಗ ಶೋರೂಮ್ ಬೆಲೆ 12.74 ಲಕ್ಷದಿಂದ ಶುರುವಾಗಿತ್ತು. ಆದರೆ ಉದ್ದನೆಯ 2590 ಮಿಮೀ ವೀಲ್‌ಬೇಸ್‌ನಿಂದಾಗಿ ದರೆಯ ಅಂಚು ಹತ್ತಿಳಿಯುವಾಗ ಹೊಟ್ಟೆ ತಾಗುತ್ತದೆ, ಜಿಪ್ಸಿಯದು 2375. ದಿನವೂ ಭಾರ ಹೊರಿಸುವವರಿಗೆ ಎರಡೂ ಆಕ್ಸಲ್‌ಗೆ ಡಿಫರೆನ್ಷಿಯಲ್ ಲಾಕರ್ ಇರುವ ಡೀಸೆಲ್ ಫೋರ್ಸ್ ಗೂರ್ಖಾ ಸರಿ, ದಾರಿ ಅಗಲವಿದ್ದರೆ ಮಾತ್ರ.

ಸಾಫ್ಟ್ ಟಾಪ್ ಗಾಡಿ ಕೊಂಡವರು ಮಳೆಗಾಲಕ್ಕೆ ಮುಂಚೆ ಹುಡ್ಡಿನ ಹೊಲಿಗೆಗೆ ಮೇಣ ಸವರಿ, ಗಾಜಿನ ಮೇಲಂಚಿನ ರಬ್ಬರ್ ಬದಲಿಸಿ. ಎಷ್ಟು ಮಾಡಿದರೂ ನೀರು ಒಳಗೆ ಬರುತ್ತದೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮ್ಯಾಟ್ ಕಿತ್ತು ಅಟ್ಟಕ್ಕೆ ಹಾಕಿ, ನೆಲದ ರಬ್ಬರ್ ಬಿರಡೆಗಳನ್ನು ತೆಗೆದಿಡಿ. ಅಕ್ಟೋಬರ್‌ನಲ್ಲಿ, ಕೊಯ್ಲು ಶುರುವಾಗುವ ಮೊದಲು ಒಂದು ದಿನ ಗಾಡಿಯನ್ನು ಎತ್ತಿ ನಿಲ್ಲಿಸಿ, ಚಾಸಿಯ ಒಳಗೆ ಪೈಪ್ ಹಿಡಿದು ಕೆಂಪು ನೀರು ಬರುವುದು ನಿಲ್ಲುವವರೆಗೆ ತೊಳೆಯಿರಿ. ಹಿಂದಿನ ಬ್ರೇಕ್ ಡ್ರಮ್ ಬಿಚ್ಚಿ ಒಣಗಿದ ಕೆಸರು ಕೆರೆಯಿರಿ, ನಿಪ್ಪಲ್ ಇರುವ ಕಡೆಯೆಲ್ಲ ಹಳೆಯ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗ್ರೀಸ್ ಹೊಡೆಯಿರಿ. ಎಂಜಿನ್ನಿನಿಂದ ಚಾಸಿಗೆ ಇನ್ನೊಂದು ಅರ್ತಿಂಗ್ ಕೇಬಲ್ ಎಳೆಯಲು ಇದೇ ಸರಿಯಾದ ಸಮಯ. ತುಕ್ಕು ಹಿಡಿದ ಹಳೆಯ ಅರ್ತಿಂಗ್‌ನಿಂದಲೇ ಚಳಿಗಾಲದ ಬೆಳಗ್ಗೆ ಎಷ್ಟೋ ಜಿಪ್ಸಿಗಳು ಸ್ಟಾರ್ಟ್ ಆಗುವುದಿಲ್ಲ, ಜನ ಬ್ಯಾಟರಿ ಬದಲಿಸುತ್ತಾರೆ.